ನುಗ್ಗಿದ ನೀರು, ಜಿನುಗಿದ ನೀರು

ನಮ್ಮ ಮನೆಗೆ ಸರ್ವೇಯರ್ ಬಂದಿದ್ದಾರೆ ಎಂಬ ಸುದ್ದಿ ಕೇಳಿ ಎದುರು ಮನೆಯ ಯಜಮಾನರು ಲುಂಗಿಯಲ್ಲೇ ಓಡಿ ಬಂದರು. "ಮಾರ್ಕ್ ಹಾಕೋಕೆ ಬಂದ್ರಾ ಸಾರ್?" ಎಂದು ಗಾಬರಿಯಿಂದ ಕೇಳಿದರು. ನಾಗಸಂದ್ರದಲ್ಲಿ ಸರ್ವೇಯರ್ ಎಂದರೆ ಟೇಪು ಹಿಡಿದು, ರಾಜಕಾಲುವೆ ಒತ್ತುವರಿ ಎಲ್ಲಿಯವರೆಗೆ ಎಂದು ಅಳೆದು, ಗೋಡೆಗೆ ಬಣ್ಣದ ಗುರುತು ಹಾಕಿ ಹೋಗುವವರು. 2016ರ ಆಗಸ್ಟ್‌ನಲ್ಲಿ ಅರೆಕೆರೆ ಕಡೆಯ ಅವನಿ ಶೃಂಗೇರಿ ನಗರದ ಮನೆಗಳಿಗೆ ಜೆಸಿಬಿ ನುಗ್ಗಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಕಾಲುವೆ ಪಕ್ಕದವರಿಗೆ ಆ ಪದವೇ ಸಾಕು. ಇವರು ಬೇರೆ, ಇನ್ಶೂರೆನ್ಸ್‌ನವರು ಎಂದೆ. ಅವರಿಗೆ ಉಸಿರು ಬಂತು. ಆಮೇಲೆ ಕೇಳಿದರು: "ಮನೆಗೂ ಇನ್ಶೂರೆನ್ಸ್ ಇರುತ್ತಾ?"

ಇರುತ್ತದೆ. ಆದರೆ ಗಾಡಿಗೆ ಇರುವ ಹಾಗಲ್ಲ. ಗಾಡಿಯ ವಿಮೆ ಪೊಲೀಸರ ಭಯಕ್ಕೆ, ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲಿನ ಭಯಕ್ಕೆ, ಎಲ್ಐಸಿ ಪರಿಚಯದ ಏಜೆಂಟರ ದಾಕ್ಷಿಣ್ಯಕ್ಕೆ. ಮನೆಯ ವಿಮೆ ಮಾಡಿಸುವಂತೆ ಕಾಡುವವರು ಬ್ಯಾಂಕಿನವರು ಮಾತ್ರ, ಅದೂ ಸಾಲ ಕೊಡುವ ದಿನ. ಎಲ್ಲೆಲ್ಲಿ ಸಹಿ ಹಾಕಿದೆವು ಎಂದು ನೆನಪಿಲ್ಲದ ಆ ಫೈಲಿನಲ್ಲಿ 'ಇನ್ಶೂರೆನ್ಸ್' ಎಂದು ಬರೆದ ಕಾಗದ ಒಂದಿರುತ್ತದೆ. ಬಹಳ ಮಂದಿಯ ಪಾಲಿಗೆ ಅದು ಮನೆಯ ವಿಮೆಯೇ ಅಲ್ಲ. ಸಾಲಗಾರ ಸತ್ತರೆ ಸಾಲ ತೀರಿಸುವ ಜೀವವಿಮೆ ಅದು. ಗೋಡೆ ಕುಸಿದ ದಿನ ಅದನ್ನು ಹಿಡಿದುಕೊಂಡು ಹೋದರೆ ಕೌಂಟರಿನಲ್ಲಿ ಸಿಗುವ ಉತ್ತರ ಒಂದೇ: ನೀವು ಬದುಕಿದ್ದೀರಲ್ಲ ಸಾರ್. ನಿಜವಾಗಿಯೂ ಮನೆಯದೇ ವಿಮೆ ಆಗಿದ್ದರೂ, ಸಾಲ ಇರುವವರೆಗೆ ಪಾಲಿಸಿಯಲ್ಲಿ ಬ್ಯಾಂಕಿನ ಹಕ್ಕನ್ನು ಬರೆದಿರುತ್ತಾರೆ. ಪರಿಹಾರದ ಹಣ ಮೊದಲು ಅಲ್ಲಿಗೆ ಹೋಗುತ್ತದೆ.

ನಮ್ಮ ಕಡೆ ಅಷ್ಟೂ ಇಲ್ಲ. ದಾಸರಹಳ್ಳಿ ನಗರಸಭೆಯನ್ನು 2007ರಲ್ಲಿ ಬಿಬಿಎಂಪಿಗೆ ಸೇರಿಸಿದಾಗ ನಾಗಸಂದ್ರವೂ ಊರೊಳಗೆ ಬಂತು. 2015ರ ಮೇ 1ಕ್ಕೆ ಮೆಟ್ರೊ ಬಂತು, 2022ರ ಜೂನ್‌ನಲ್ಲಿ ನಿಲ್ದಾಣದ ಪಕ್ಕಕ್ಕೇ ಐಕಿಯಾ ಬಂತು. ಆದರೆ ಒಳಬೀದಿಗಳ ಮನೆಗಳು ರೆವಿನ್ಯೂ ಸೈಟಿನ ಮೇಲೆ, ಬಿ ಖಾತಾದ ಮೇಲೆ ನಿಂತವು. ಬಿ ಖಾತಾಕ್ಕೆ ದೊಡ್ಡ ಬ್ಯಾಂಕುಗಳು ಸುಲಭವಾಗಿ ಸಾಲ ಕೊಡುವುದಿಲ್ಲ. ಹಾಗಾಗಿ ಪೀಣ್ಯದ ಲೇತಿನಲ್ಲಿ ದುಡಿದವರು ಚೀಟಿ ಎತ್ತಿ, ಒಡವೆ ಅಡವಿಟ್ಟು, ಕೆಳಗಿನ ಮನೆಯನ್ನು ಲೀಸ್‌ಗೆ ಹಾಕಿ ಆ ಹಣದಲ್ಲಿ ಮೇಲಿನ ಮನೆ ಕಟ್ಟಿದರು. ಬ್ಯಾಂಕು ಇಲ್ಲದ ಕಡೆ ವಿಮೆಯ ಮಾತು ಎತ್ತುವವರೂ ಇಲ್ಲ. ಬಿ ಖಾತಾ ಇದ್ದರೆ ವಿಮೆ ಆಗುವುದಿಲ್ಲ ಎಂದು ಜನ ನಂಬಿಯೂ ಬಿಟ್ಟಿದ್ದಾರೆ. ಅದು ತಪ್ಪು. ವಿಮೆ ನೋಡುವುದು ಮನೆ ಹಾಳಾದರೆ ನಷ್ಟ ಯಾರಿಗೆ ಎಂಬುದನ್ನು. ಬಾಡಿಗೆಗೆ ಇರುವವರು ಕೂಡ ತಮ್ಮ ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು.

ಒಂದು ವಿಚಿತ್ರವೂ ಇದೆ. ಇದೇ ಜನ ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದರೆ ಅದಕ್ಕೆ ವಿಮೆ ಇರುತ್ತದೆ, ಏಕೆಂದರೆ ಯಂತ್ರ ಬ್ಯಾಂಕಿಗೆ ಅಡ ಇರುತ್ತದೆ. ಮಿಲ್ಲಿಂಗ್ ಮಷೀನಿಗೆ ಬೆಂಕಿ ಬಿದ್ದರೆ ಯಾವ ಫಾರಂ ತುಂಬಬೇಕೆಂದು ಗೊತ್ತು. ಮಲಗುವ ಕೋಣೆಗೆ ನೀರು ಬಂದರೆ ಗೊತ್ತಿಲ್ಲ.

ಇನ್ನು ನನ್ನ ಕಥೆ. ಎರಡು ಮೂರು ಮಳೆಗಾಲದ ಹಿಂದಿನ ಮಾತು. ನಮ್ಮದು ಕಾಲುವೆಯಿಂದ ಎರಡನೇ ಅಡ್ಡರಸ್ತೆ. ಮನೆ ಕಟ್ಟಿದಾಗ ಹೊಸಲು ರಸ್ತೆಗಿಂತ ಎರಡು ಮೆಟ್ಟಿಲು ಮೇಲಿತ್ತು. ಒಂದೊಂದು ಚುನಾವಣೆಗೂ ಒಂದೊಂದು ಪದರ ಟಾರು ಬಿದ್ದು ಈಗ ರಸ್ತೆಯೇ ಒಂದು ಮೆಟ್ಟಿಲು ಮೇಲಿದೆ. ಆ ರಾತ್ರಿ ಬಾಗಿಲಿಗೆ ಮಣ್ಣಿನ ಚೀಲ ಒಡ್ಡಿ ಗೆದ್ದೆವು ಎಂದುಕೊಂಡೆವು. ನೀರು ಬಚ್ಚಲಿನ ಮೋರಿಯಿಂದ ಮೇಲೆ ಉಕ್ಕಿ ಬಂತು. ಹಿಂದೆಯೇ ಸಂಪು ತುಂಬಿ ಕಾವೇರಿ ನೀರಿಗೂ ಚರಂಡಿ ನೀರಿಗೂ ವ್ಯತ್ಯಾಸ ಇಲ್ಲದಾಯಿತು. ಎರಡು ಗಂಟೆಯ ಹೊತ್ತಿಗೆ ನೀರು ಮೊಣಕಾಲಿಗೆ ಬಂದಿತ್ತು. ಹಾಸಿಗೆ, ದಿವಾನ್, ಫ್ರಿಜ್, ವಾಷಿಂಗ್ ಮಷೀನ್, ಯುಪಿಎಸ್, ಅಕ್ಕಿಯ ಡಬ್ಬ, ಮಗಳ ಸರ್ಟಿಫಿಕೇಟುಗಳ ಪೆಟ್ಟಿಗೆ ಎಲ್ಲವೂ ನೀರಿನಲ್ಲಿ.

ಬೆಳಗಾದ ಮೇಲೆ ನೀರು ಇಳಿಯಿತು, ಕೆಸರು ಉಳಿಯಿತು. ಅದು ಬರೀ ಕೆಸರಲ್ಲ, ಕಾರ್ಖಾನೆಯ ಎಣ್ಣೆ ಸೇರಿದ ಕಪ್ಪು ಕೆಸರು. ನನ್ನಾಕೆ ಸೆರಗು ಸಿಕ್ಕಿಸಿ, ಫಿನಾಯಿಲ್ ಸುರಿದು, ಪೊರಕೆ ಹಿಡಿದು ಎರಡು ದಿನ ಇಡೀ ಮನೆ ತೊಳೆದಳು. ನಾತ ಹಿಡಿದ ಹತ್ತಿ ಹಾಸಿಗೆಗಳನ್ನು ಕಸದ ಆಟೊದವನಿಗೆ ಇನ್ನೂರು ರೂಪಾಯಿ ಕೊಟ್ಟು ಸಾಗಿಸಿದೆವು. ಕಂಪನಿಗೆ ನಾನು ಮರುದಿನವೇ ಫೋನ್ ಮಾಡಿದ್ದೆ. ಸರ್ವೇಯರ್ ಬಂದದ್ದು ನಾಲ್ಕನೇ ದಿನ. ಬಂದವರು ಒಳ್ಳೆಯ ಹುಡುಗ, ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದರು. ಸುತ್ತ ನೋಡಿ ಕೇಳಿದರು: "ಡ್ಯಾಮೇಜ್ ಎಲ್ಲಿ ಸಾರ್?"

ತೊಳೆದ ಮನೆ ಅದು. ಹಾಸಿಗೆ ಎಲ್ಲಿ ಎಂದರೆ ಕಸಕ್ಕೆ ಹೋಗಿದೆ. ಹಾಳಾದ ಸಾಮಾನಿಗೂ ಗುಜರಿ ಬೆಲೆ ಇರುತ್ತದೆ, ಅದನ್ನು ಪರಿಹಾರದಲ್ಲಿ ಕಳೆಯಬೇಕು, ಅದಕ್ಕಾಗಿ ಸಾಮಾನು ಇರಬೇಕು ಎಂದರು. ಯುಪಿಎಸ್ ತೋರಿಸಿದೆ. ಇದು ನೀರಿನಿಂದ ಕೆಟ್ಟಿತೋ, ಶಾರ್ಟ್ ಆಗಿ ಸುಟ್ಟಿತೋ ಎಂದು ಕೇಳಿದರು. ಎರಡಕ್ಕೂ ಏನು ವ್ಯತ್ಯಾಸ ಎಂದು ನನಗೆ ಆಗ ಗೊತ್ತಿರಲಿಲ್ಲ. ಕೊನೆಗೆ ಗೋಡೆಯ ಬುಡದ ತೇವದ ಮೇಲೆ ಕೈ ಇಟ್ಟು ಮುಖ್ಯವಾದ ಪ್ರಶ್ನೆ ಕೇಳಿದರು: "ಇದು ಸೀಪೇಜ್ ಥರ ಕಾಣುತ್ತೆ. ನೀರು ನುಗ್ಗಿದ್ದಾ ಸಾರ್, ಜಿನುಗಿದ್ದಾ?" ನನ್ನಾಕೆ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು: "ನೀವು ಆ ರಾತ್ರಿ ಇಲ್ಲಿ ಮಲಗಿದ್ದಿದ್ರೆ ಗೊತ್ತಾಗ್ತಿತ್ತು."

ಮನೆ ವಿಮೆಯ ಜಗಳಗಳಲ್ಲಿ ನಾನು ಕಂಡ ಮಟ್ಟಿಗೆ ತಿರುಳು ಇರುವುದು ಈ ಪ್ರಶ್ನೆಯಲ್ಲೇ. ಪಾಲಿಸಿ ಕೆಟ್ಟದ್ದು ಎಂದು ಹೇಳಲಾರೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಅಚ್ಚಿನ ಪಾಲಿಸಿಯನ್ನು ಬೆಂಕಿ ವಿಮೆ ಮಾಡುವ ಎಲ್ಲ ಕಂಪನಿಗಳೂ ಕೊಡಬೇಕೆಂದು ಮಾಡಿತು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ಟ್ಯಾಂಕು ಪೈಪು ಒಡೆದು ಹರಿದ ನೀರು ಎಲ್ಲವೂ ಅದರಲ್ಲಿ ಸೇರಿವೆ. ಕಟ್ಟಡಕ್ಕೆ ಮಾಡಿಸಿದರೆ ಒಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20ರಷ್ಟು, ಹತ್ತು ಲಕ್ಷ ರೂಪಾಯಿ ಮಿತಿಯೊಳಗೆ, ತಾನಾಗಿ ಸಿಗುತ್ತದೆ. ಹಳೆಯ ಪಾಲಿಸಿಗಳಲ್ಲಿ ದೊಡ್ಡ ಪೆಟ್ಟು ಕೊಡುತ್ತಿದ್ದ ಲೆಕ್ಕವೊಂದಿತ್ತು. ಮನೆ ನಲವತ್ತು ಲಕ್ಷದ್ದು, ವಿಮೆ ಇಪ್ಪತ್ತು ಲಕ್ಷಕ್ಕೆ ಎಂದಾದರೆ ನಷ್ಟದಲ್ಲೂ ಅರ್ಧವೇ ಕೊಡುತ್ತಿದ್ದರು. ಗೃಹ ರಕ್ಷಾದಲ್ಲಿ ಆ ಕತ್ತರಿ ಇಲ್ಲ. ಇದನ್ನು ತಿಳಿಯದೆ ವಿಮೆಯೆಲ್ಲ ಮೋಸ ಎನ್ನುವವರ ಜೊತೆ ನನಗೆ ಜಗಳ ಇದೆ.

ಆದರೆ ಪಾಲಿಸಿ ಹಣ ಕೊಡುವುದು ಘಟನೆಗೆ. ಕಾಲಕ್ರಮದಲ್ಲಿ ಆದ ಸವಕಳಿಗೆ, ಜಿನುಗಿಗೆ ಕೊಡುವುದಿಲ್ಲ. ವಿದ್ಯುತ್ ಉಪಕರಣ ತನ್ನೊಳಗೇ ಶಾರ್ಟ್ ಆಗಿ ಸುಟ್ಟರೆ ಆ ಉಪಕರಣಕ್ಕೆ ಪರಿಹಾರ ಇಲ್ಲ. ಅದರಿಂದ ಬೆಂಕಿ ಹರಡಿ ಮನೆ ಸುಟ್ಟರೆ ಮನೆಗೆ ಇದೆ. ಯುಪಿಎಸ್ ಪ್ರಶ್ನೆಯ ಗುಟ್ಟು ಅದು. ಬೆಂಗಳೂರಿನ ಮನೆಗಳಲ್ಲಿ ಈ ಗೆರೆ ಎಳೆಯುವುದು ಕಷ್ಟ. ಇಲ್ಲಿನ ಗೋಡೆಗಳಿಗೆ ಮೊದಲೇ ತೇವ ಇರುತ್ತದೆ, ಅದರ ಮೇಲೆ ಒಂದು ರಾತ್ರಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ನಾಲ್ಕನೇ ದಿನ ಬಂದವರಿಗೆ ಕಾಣುವುದು ತೇವವೇ.

ಈ ಜಗಳ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹವೇ ಸೇರಿಲ್ಲ. ಅದಕ್ಕೆಂದು 1968ರಿಂದ ಸರ್ಕಾರದ ಬೇರೆ ಯೋಜನೆ ಇದೆ. ಹಾಗಾಗಿ 2005ರ ಕತ್ರೀನಾ ಚಂಡಮಾರುತದ ನಂತರ ಸಾವಿರಾರು ಜನ ಕೋರ್ಟಿನಲ್ಲಿ ವಾದಿಸಿದ್ದು ಮನೆ ಗಾಳಿಗೆ ಬಿತ್ತೋ, ನೀರಿಗೆ ಬಿತ್ತೋ ಎಂದು. ಗಾಳಿ ಎಂದಾದರೆ ಹಣ, ನೀರು ಎಂದಾದರೆ ಇಲ್ಲ. ಅದಕ್ಕೆ ಹೋಲಿಸಿದರೆ ಪ್ರವಾಹವನ್ನು ಮೂಲ ಪಾಲಿಸಿಯಲ್ಲೇ ಸೇರಿಸಿದ ನಮ್ಮ ವ್ಯವಸ್ಥೆ ಉದಾರವಾದದ್ದು. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಕಂಡ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಮನೆಯ ಜೊತೆಗೆ ಮನೆ ನಿಂತ ನೆಲವೂ ಜಾರಿ ಹೋಯಿತು. ಗೃಹ ರಕ್ಷಾದಂಥ ಪಾಲಿಸಿಯಲ್ಲಿ ಭೂಕುಸಿತ ಸೇರಿದ್ದರೂ ಅದು ಕಟ್ಟಡಕ್ಕೆ ಮಾತ್ರ. ನೆಲದ ಬೆಲೆಯನ್ನು ಯಾವ ಮನೆ ವಿಮೆಯೂ ಕೊಡುವುದಿಲ್ಲ.

ಮತ್ತೆ ನಮ್ಮ ಸರ್ವೇಯರ್ ಹತ್ತಿರ ಬರೋಣ. ಅವರು ಕಂಪನಿಯ ನೌಕರರಲ್ಲ. 1938ರ ವಿಮಾ ಕಾಯ್ದೆಯ ಪ್ರಕಾರ ಒಂದು ಮೊತ್ತಕ್ಕಿಂತ ದೊಡ್ಡ ನಷ್ಟವನ್ನು ಲೈಸೆನ್ಸ್ ಇರುವ ಸ್ವತಂತ್ರ ಸರ್ವೇಯರ್ ಅಳೆಯಬೇಕು. ನೇಮಿಸುವವರೂ, ಫೀಸು ಕೊಡುವವರೂ ಕಂಪನಿಯವರೇ ಆದ್ದರಿಂದ ಆ ಸ್ವಾತಂತ್ರ್ಯದ ಬಗ್ಗೆ ಜನಕ್ಕೆ ಅನುಮಾನ. ಒಂದು ದೊಡ್ಡ ಮಳೆಯಾದರೆ ಊರಿಗೆ ಊರೇ ಕ್ಲೇಮ್ ಹಾಕುತ್ತದೆ, ಅವರೋ ಬೆರಳೆಣಿಕೆಯ ಮಂದಿ. ಆ ಹುಡುಗ ನಮ್ಮ ಮನೆಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಆರು ಫೋನು ಬಂದವು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಇರುವುದು ನಿಯಮ ಹೇಳುವುದಕ್ಕೂ ನಡೆಯುವುದಕ್ಕೂ ನಡುವಿನ ಅಂತರದ ಬಗ್ಗೆ. 2024ರ ಜೂನ್‌ನಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯಂತೆ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು. ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಬೇಕಾದ ದಾಖಲೆಯನ್ನು ಪಾಲಿಸಿ ಕೊಡುವಾಗಲೇ ಕೇಳಿರಬೇಕು. ಓದಲು ಹಿತವಾಗಿದೆ. ಆದರೆ 'ತಿರಸ್ಕಾರ' ಎಂಬ ಪದ ಬಳಸದೆಯೇ ಕೆಲಸ ಮುಗಿಸಬಹುದು. ಇನ್ನೊಂದು ಕಾಗದ ಕೇಳಿದರೆ ಸಾಕು.

ನಮ್ಮಂಥ ಬೀದಿಯ ಮನೆ ಕಟ್ಟಿದ್ದು ಮೇಸ್ತ್ರಿ. ಅವನ ಲೆಕ್ಕ ಸಿಗರೇಟು ಪ್ಯಾಕಿನ ಹಿಂದೆ. ಟೈಲ್ಸ್ ತಂದದ್ದು 'ಜಿಎಸ್‌ಟಿ ಬೇಡ ಅಂದ್ರೆ ಕಡಿಮೆ ಮಾಡ್ತೀನಿ' ಎಂದ ಅಂಗಡಿಯಿಂದ. ದಿವಾನ್ ಅಳಿಯಂದಿರು ಕೊಟ್ಟದ್ದು. ಇವುಗಳಿಗೆ ಬಿಲ್ಲು ಎಲ್ಲಿಂದ ತರುವುದು? ಬಿಲ್ಲು ಇಲ್ಲದೆ ಉಳಿಸಿದ ನೂರು ಇನ್ನೂರು ರೂಪಾಯಿ ನೀರು ಬಂದ ಬೆಳಿಗ್ಗೆ ಸಾವಿರಗಳಾಗಿ ಹೋಗುತ್ತದೆ. ಈ ಮಾತಿನಲ್ಲಿ ತಪ್ಪು ನಮ್ಮದೂ ಇದೆ, ಒಪ್ಪುತ್ತೇನೆ. ಆದರೆ ಮೊಣಕಾಲುದ್ದ ನೀರು ಹೊಕ್ಕ ಮನೆಯಲ್ಲಿ ಬಿಲ್ಲು ಇದ್ದಿದ್ದರೂ ಅದು ತೇಲಿ ಹೋಗಿರುತ್ತಿತ್ತು ಎಂಬುದನ್ನು ಇಮೇಲ್ ಬರೆಯುವವರು ಯೋಚಿಸುವುದಿಲ್ಲ.

ಸುಪ್ರೀಂ ಕೋರ್ಟ್ ಯೋಚಿಸಿದೆ. ಗುರ್ಮೆಲ್ ಸಿಂಗ್ ಪ್ರಕರಣದಲ್ಲಿ, 2022ರಲ್ಲಿ, ವಿಮೆದಾರನ ಕೈಮೀರಿದ ಕಾರಣದಿಂದ ತರಲಾಗದ ದಾಖಲೆಯನ್ನೇ ಹಿಡಿದು ಕೂರುವುದು ಸರಿಯಲ್ಲ ಎಂದಿತು. ಕಳುವಾದ ಲಾರಿಯ ಪ್ರಕರಣ ಅದು, ಆದರೂ ಮಾತು ಮನೆಗೂ ಹೊಂದುತ್ತದೆ. ತಡವಾಗಿ ತಿಳಿಸಿದಿರಿ ಎಂಬ ನೆಪವೊಂದರಿಂದಲೇ ನಿಜವಾದ ಕ್ಲೇಮನ್ನು ತಳ್ಳಿಹಾಕಬಾರದು ಎಂದು 2017ರ ಓಂಪ್ರಕಾಶ್ ಪ್ರಕರಣದಲ್ಲಿ, ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು 2009ರ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2022ರ ನವೆಂಬರ್‌ನ ಟೆಕ್ಸ್‌ಕೊ ತೀರ್ಪು. ನೆಲಮಾಳಿಗೆಯ ಅಂಗಡಿಯೊಂದಕ್ಕೆ ಕಂಪನಿ ಬೆಂಕಿ ವಿಮೆ ಮಾಡಿತ್ತು. ಬೆಂಕಿ ಬಿದ್ದಾಗ, ಪಾಲಿಸಿಯಲ್ಲಿ ನೆಲಮಾಳಿಗೆ ಸೇರುವುದಿಲ್ಲ ಎಂದಿತು. ನೆಲಮಾಳಿಗೆ ಎಂದು ಗೊತ್ತಿದ್ದೇ ಪ್ರೀಮಿಯಂ ತೆಗೆದುಕೊಂಡು, ಆ ಷರತ್ತನ್ನು ತಿಳಿಸದೆ, ಕೊಡುವಾಗ ಅದನ್ನೇ ತೋರಿಸುವುದು ನ್ಯಾಯವಲ್ಲ ಎಂದು ಕೋರ್ಟ್ ಹೇಳಿತು.

ಅಪಾರ್ಟ್‌ಮೆಂಟ್‌ನವರ ಗೋಳು ಬೇರೆ. ಯಲಹಂಕದ ಕೇಂದ್ರೀಯ ವಿಹಾರಕ್ಕೆ 2021ರ ನವೆಂಬರ್‌ನಲ್ಲಿ ಒಮ್ಮೆ, 2024ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಸಾಗಿಸಿದರು. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯವರು 2022ರ ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಅಪಾರ್ಟ್‌ಮೆಂಟ್‌ನಲ್ಲಿ ನೀರು ಮೊದಲು ಇಳಿಯುವುದು ಬೇಸ್‌ಮೆಂಟಿಗೆ. ಅಲ್ಲಿ ಲಿಫ್ಟಿನ ಮೋಟಾರು, ಜನರೇಟರ್, ಪಂಪು, ಕಾರು ಎಲ್ಲ ಇರುತ್ತವೆ. ಕಾರು ವಾಹನ ವಿಮೆಗೆ, ಜನರೇಟರ್ ಸಂಘದ ಪಾಲಿಸಿಗೆ, ಫ್ಲ್ಯಾಟಿನೊಳಗಿನದು ಮಾಲೀಕರ ಪಾಲಿಸಿಗೆ. ಸಂಘ ವಿಮೆ ಮಾಡಿಸಿದೆ ಎಂದು ನಿವಾಸಿಗಳು, ಬಿಲ್ಡರ್ ಮಾಡಿಸಿರಬಹುದು ಎಂದು ಸಂಘದವರು ನಂಬಿ ಕೂತಿರುವುದನ್ನು ನಾನು ಕಂಡಿದ್ದೇನೆ.

ನಾನು ಬರೆದುಕೊಟ್ಟ ಲೆಕ್ಕ 1,38,000 ರೂಪಾಯಿ. ಮೂರು ತಿಂಗಳ ಮೇಲೆ ಬಂದ ಇಮೇಲಿನಲ್ಲಿ ಇದ್ದದ್ದು 47,200. ಹಾಸಿಗೆ ಇಲ್ಲ, ಯುಪಿಎಸ್ ಇಲ್ಲ, ಗೋಡೆ 'ಜಿನುಗು'. ಬಹುತೇಕರು ಇಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ನಾನು ಸರ್ವೇಯರ್ ವರದಿಯ ಪ್ರತಿ ಕೇಳಿದೆ. ಕೇಳಿದರೆ ಕೊಡಬೇಕು ಎಂಬುದು 2002ರ ನಿಯಮಾವಳಿಯಿಂದಲೂ ಇರುವ ಮಾತು, ಆದರೆ ಕೇಳುವವರು ಕಡಿಮೆ. ವರದಿಯಲ್ಲಿ ಬಚ್ಚಲ ಮೋರಿಯ ಪ್ರಸ್ತಾಪವೇ ಇರಲಿಲ್ಲ. ಆ ರಾತ್ರಿಯ ಮಳೆಯ ಅಳತೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕದಲ್ಲಿ ದಾಖಲಾಗಿತ್ತು. ಪಕ್ಕದ ಮನೆಯ ಹುಡುಗ ತೆಗೆದ ನಲವತ್ತು ಸೆಕೆಂಡಿನ ವಿಡಿಯೊದಲ್ಲಿ ನಮ್ಮ ಫ್ರಿಜ್ ವಾಲಿ ನಿಂತಿತ್ತು. ಎರಡನ್ನೂ ಲಗತ್ತಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಇನ್ನೂ 31,000 ಬಂತು. ಅಲ್ಲಿಗೆ ನಾನೂ ಸುಮ್ಮನಾದೆ.

ಸುಮ್ಮನಾಗಬೇಕಿರಲಿಲ್ಲ. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಇರುವುದು ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿ. ಫೀಸಿಲ್ಲ, ವಕೀಲರು ಬೇಡ. 50 ಲಕ್ಷ ರೂಪಾಯಿವರೆಗಿನ ತಕರಾರು ನಡೆಯುತ್ತದೆ. ಅವರ ತೀರ್ಪಿಗೆ ಕಂಪನಿ ಬದ್ಧ, ನಾವಲ್ಲ. ಅದೂ ಸಾಲದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ಆರೋಗ್ಯ ವಿಮೆಯವರು ಈ ದಾರಿ ಸವೆಸಿದ್ದಾರೆ. ಮನೆ ವಿಮೆಯವರ ಹೆಜ್ಜೆ ಅಲ್ಲಿ ಕಡಿಮೆ.

ಇದಕ್ಕೆಲ್ಲ ಎದುರಿಗೆ ಸರ್ಕಾರದ ಪರಿಹಾರ ಇದೆ. 2020ರ ಅಕ್ಟೋಬರ್‌ನಲ್ಲಿ ಹೊಸಕೆರೆಹಳ್ಳಿಗೆ ನೀರು ನುಗ್ಗಿದ ಮರುದಿನವೇ ಮುಖ್ಯಮಂತ್ರಿ ಯಡಿಯೂರಪ್ಪ ಮನೆಗೆ 25,000 ರೂಪಾಯಿ ಘೋಷಿಸಿದರು. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಎಂದಿದ್ದರು. ಆ ಹಣಕ್ಕೆ ಪ್ರೀಮಿಯಂ ಇಲ್ಲ. ನೀರು ನುಗ್ಗಿತೋ ಜಿನುಗಿತೋ ಎಂದು ಕೇಳುವವರೂ ಕಡಿಮೆ. ಅದಕ್ಕೇ ನಮ್ಮ ಜನ ಅದನ್ನೇ ನಂಬುತ್ತಾರೆ, ಅದು ಬರಲಿ ಬಾರದಿರಲಿ. ಸರ್ಕಾರವೂ ಮನೆ ವಿಮೆಯನ್ನು ಬೆಳೆಸಬೇಕಾದ ವಸ್ತು ಎಂದು ನೋಡಿದಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳ ಜೀವ ವಿಮೆಗೂ ಆರೋಗ್ಯ ವಿಮೆಗೂ ಜಿಎಸ್‌ಟಿ ತೆಗೆದರು. ಮನೆಯ ವಿಮೆಗೆ ಶೇ 18 ಹಾಗೆಯೇ ಉಳಿಯಿತು.

ನನ್ನ ತೀರ್ಮಾನ ಕೇಳಿದರೆ, ವಿಮೆ ಮಾಡಿಸಿ ಎಂದೇ ಹೇಳುತ್ತೇನೆ. 78,200 ರೂಪಾಯಿ ಬಂದದ್ದರಿಂದಲೇ ನಮ್ಮ ಮನೆಗೆ ಫ್ರಿಜ್ ಬಂತು, ಗೋಡೆಗೆ ಸುಣ್ಣ ಬಂತು. ಆದರೆ ಕಂಪನಿಗಳು ಕೇಳಬೇಕಾದ್ದನ್ನು ಕೇಳಬೇಕಾದ ಹೊತ್ತಿನಲ್ಲಿ ಕೇಳುವುದಿಲ್ಲ. ಈ ಜೂನ್‌ನಲ್ಲಿ ಪಾಲಿಸಿ ನವೀಕರಿಸಿದೆ. ಫೋನಿನಲ್ಲೇ ಆಯಿತು, ಹತ್ತು ನಿಮಿಷ ಹಿಡಿಯಿತು. ಕಾರ್ಪೆಟ್ ಏರಿಯಾ ಕೇಳಿದರು, ಹುಟ್ಟಿದ ತಾರೀಕು ಕೇಳಿದರು, ಪ್ಯಾನ್ ನಂಬರ್ ಕೇಳಿದರು. ಮನೆ ರಸ್ತೆಗಿಂತ ಎಷ್ಟು ಕೆಳಗಿದೆ, ರಾಜಕಾಲುವೆ ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ.